ಮನಿಗೆ ಅರಿಶಿನ ಹಚ್ಚಿದ ಪ್ರಸಂಗ

ಪುಣೆಯ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ದಿನವಿಡೀ ಕಬ್ಬಿಣದ ತುಂಡುಗಳನ್ನು ಕೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, 'ಇದು ಪಾಸು, ಇದು ಫೇಲು' ಎಂದು ತೀರ್ಪು ಕೊಡುವುದು ನನ್ನ ಕೆಲಸ. ಬೇರೆ ಊರಲ್ಲೂ ಇಲ್ಲೂ ಸೇರಿ ಹದಿನಾಲ್ಕು ವರ್ಷ ಹೀಗೆ ತೀರ್ಪು ಕೊಟ್ಟವನಿಗೆ, ತನ್ನ ಕಣ್ಣಿಗೆ ಬೀಳದ ದೋಷ ಈ ಭೂಮಿಯ ಮೇಲೇ ಇಲ್ಲ ಎಂಬ ನಂಬಿಕೆ ಬರುವುದು ಸಹಜ. ನನಗೂ ಬಂದಿತ್ತು. ಒಂದು ಬೆಕ್ಕು ಅದನ್ನು ಇಳಿಸಿತು.

ಬೆಕ್ಕಿನ ಹೆಸರು ಮನಿ. ಈ ಊರಿನ ಮರಾಠಿ ಮನೆಗಳಲ್ಲಿ ಹೆಣ್ಣು ಬೆಕ್ಕನ್ನು ಪ್ರೀತಿಯಿಂದ ಕರೆಯುವುದೇ ಹಾಗೆ. ವಿಜಯಪುರದ ಕಡೆಯ ನಮಗೆ ಮನಿ ಅಂದರೆ ವಾಸಿಸುವ ಮನೆ! ನಾಲ್ಕು ವರ್ಷದ ಹಿಂದೆ ಪುಣೆಗೆ ಬಂದ ಹೊಸತರಲ್ಲಿ, ಒಂದು ಸಂಜೆ ನಾನು ಕೆಲಸದಿಂದ ಬಂದಾಗ ನನ್ನ ಹೆಂಡತಿ ಮಹಾದೇವಿ ಬಾಗಿಲಲ್ಲೇ ನಿಂತು, "ಏನ್ರೀ, ಮನಿ ಮೂರು ಮರಿ ಹಾಕೇದ!" ಎಂದಳು. ಬಾಡಿಗೆ ಮನೆಗೆ ಮರಿ ಹುಟ್ಟಿದರೆ ಮಾಲೀಕನಿಗೆ ಹೇಳಬೇಕೋ ಬೇಡವೋ ಎಂದು ನಾನು ಒಂದು ಕ್ಷಣ ಗಾಬರಿಯಾದೆ.

ಬಿಬವೇವಾಡಿಯಲ್ಲಿ ನಮ್ಮದು ನಾಲ್ಕು ಅಂತಸ್ತಿನ ಹಳೆಯ ಸೊಸೈಟಿ, ಅಂದರೆ ಅಪಾರ್ಟ್‌ಮೆಂಟು. ಆಗ ಮಹಾದೇವಿಗೆ ಮರಾಠಿಯ ಒಂದಕ್ಷರವೂ ಬರುತ್ತಿರಲಿಲ್ಲ. ನಾನು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯವರೆಗೂ ಅವಳು ಯಾರ ಜೊತೆಗೂ ಮಾತಾಡುವಂತಿರಲಿಲ್ಲ. ಆ ದಿನಗಳಲ್ಲಿ ಮೆಟ್ಟಿಲ ಮೇಲೆ ಕೂತು ಅವಳ ಕನ್ನಡವನ್ನು ಪೂರ್ತಿಯಾಗಿ ಕೇಳಿಸಿಕೊಂಡದ್ದು ಈ ಬಿಳಿ ಬೆಕ್ಕು ಒಂದೇ. ತುಪ್ಪ ಸವರಿದ ಜೋಳದ ರೊಟ್ಟಿಯ ತುಂಡು ತಿನ್ನುತ್ತ, ಅವಳ ಅತ್ತೆ, ಅಂದರೆ ನನ್ನ ತಾಯಿಯ ಬಗೆಗಿನ ದೂರುಗಳನ್ನೆಲ್ಲ ಅದು ಗಂಭೀರವಾಗಿ ಕೇಳಿದೆ. ಒಂದನ್ನೂ ಹೊರಗೆ ಬಿಟ್ಟಿಲ್ಲ. ಹೀಗಾಗಿ ಮನಿ ಬೀದಿ ಬೆಕ್ಕಾದರೂ, ಮಹಾದೇವಿಯ ಪಾಲಿಗೆ ಪುಣೆಯ ಮೊದಲ ಗೆಳತಿ.

ಈ ವರ್ಷದ ಬೇಸಿಗೆಯಲ್ಲಿ ಗೆಳತಿ ಕೆರೆದುಕೊಳ್ಳತೊಡಗಿದಳು. ಸುಮ್ಮನೆ ಕೆರೆತವಲ್ಲ, ಹಿಂಗಾಲಿನಿಂದ ಕಿವಿಗೆ ತಬಲಾ ಬಾರಿಸಿದಂತೆ! ಬೆನ್ನಿನ ಮೇಲೆ, ಕತ್ತಿನ ಹತ್ತಿರ ದುಂಡುದುಂಡಗೆ ಕೂದಲು ಉದುರಿತು.

ಸೊಸೈಟಿಯ ಸೆಕ್ರೆಟರಿ ಸುಲಭಾ ಕಾಕು, ಅಂದರೆ ಎಲ್ಲರ ಚಿಕ್ಕಮ್ಮ, ನಿವೃತ್ತ ಶಾಲಾ ಶಿಕ್ಷಕಿ. ಈಗಲೂ ಅವರು ಮಾತಾಡುವಾಗ ನಾವೆಲ್ಲ ಗೊತ್ತಿಲ್ಲದೆಯೇ ನೆಟ್ಟಗೆ ನಿಲ್ಲುತ್ತೇವೆ. ಆ ಭಾನುವಾರ ಪಾರ್ಕಿಂಗಿನಲ್ಲಿ ನಡೆದ ಸಭೆಯಲ್ಲಿ ಅವರು ಎದ್ದು ನಿಂತು, "ಮನೀಲಾ ಖರೂಜ ಝಾಲೀಯ!" ಎಂದು ಘೋಷಿಸಿದರು. ಮನಿಗೆ ಕಜ್ಜಿಯಾಗಿದೆ, ಇದು ಎಲ್ಲರಿಗೂ ಅಂಟುತ್ತದೆ, ಆದ್ದರಿಂದ ಅದನ್ನು ಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುವುದೇ ಸರಿ ಎಂಬುದು ಅವರ ಮಾತಿನ ತಾತ್ಪರ್ಯ. ತಲೆಗಳು ಒಂದೊಂದಾಗಿ ಹೌದೆಂದು ಅಲ್ಲಾಡಿದವು.

ನಾನು ಮಹಾದೇವಿಯ ಮುಖ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಆಗ ನನ್ನೊಳಗಿನ ಪರೀಕ್ಷಕ ಎದ್ದು ನಿಂತ. ಹಿಂದೆಯೇ ನಾನೂ ಎದ್ದು ನಿಂತೆ.

"ಎರಡು ವಾರ ಕೊಡಿ ಕಾಕು. ಸದರಿ ಬೆಕ್ಕನ್ನು ಸಂಪೂರ್ಣ ಗುಣಪಡಿಸುವ ಜವಾಬ್ದಾರಿ ನನ್ನದು!" ಎಂದು ನನ್ನ ಒಡಕು ಮರಾಠಿಯಲ್ಲಿ ಹೇಳಿದೆ.

ಕಾಕು ಕನ್ನಡಕದ ಮೇಲಿನಿಂದ ನೋಡಿದರು. "ನಿಮಗೆ ಬೆಕ್ಕಿನ ಬಗ್ಗೆ ಏನು ಗೊತ್ತು?"

"ದೋಷ ಕಂಡುಹಿಡಿಯುವುದೇ ನನ್ನ ಉದ್ಯೋಗ" ಎಂದೆ. ಇಬ್ಬರು ಚಪ್ಪಾಳೆ ತಟ್ಟಿದರು. ನಂತರ ಗೊತ್ತಾಯಿತು, ಅವರು ಸೊಳ್ಳೆ ಹೊಡೆದದ್ದು.

ಮನೆಗೆ ಬಂದ ಮೇಲೆ ಮಹಾದೇವಿ ಬಹಳ ಖುಷಿಯಲ್ಲಿದ್ದಳು. "ಪ್ರಾಣಿ ಡಾಕ್ಟರ್ ಕಡೆ ಯಾವಾಗ ಹೋಗೂದ್ರಿ?" ಎಂದಳು.

"ಡಾಕ್ಟರ್ ಯಾಕ? ಕಜ್ಜಿಗೆ ನಮ್ಮಜ್ಜಿ ಏನ್ ಹಚ್ಚತಿದ್ಲು? ಬೇವಿನ ಎಲಿ, ಅರಿಷಿಣ, ಕೊಬ್ಬರಿ ಎಣ್ಣಿ. ಮುಗೀತು!"

"ನಿಮ್ಮಜ್ಜಿ ನಿಮಗ ಹಚ್ಚತಿದ್ರು. ಬೆಕ್ಕಿಗೆ ಹಚ್ಚತಿರಲಿಲ್ಲ."

"ಚರ್ಮ ಅಂದ್ರ ಚರ್ಮ. ಎಲ್ಲಾ ಒಂದ!"

ಈ ವೈಜ್ಞಾನಿಕ ಸಿದ್ಧಾಂತದ ಆಧಾರದ ಮೇಲೆ ನಾನು ದೊಡ್ಡ ಬಟ್ಟಲಿನ ತುಂಬ ಲೇಪ ಅರೆದೆ. ಅರಿಶಿನ ಸ್ವಲ್ಪ ಹೆಚ್ಚೇ ಬಿತ್ತು. ಹೆಚ್ಚು ಅರಿಶಿನ, ಹೆಚ್ಚು ಗುಣ! ಮನಿ ಮೆಟ್ಟಿಲ ಮೇಲೆ ಮಲಗಿತ್ತು. ಮೊದಲ ಹಿಡಿ ಲೇಪ ಬೆನ್ನಿಗೆ ಬಿದ್ದಾಗ ಅದು ಕಣ್ಣು ತೆರೆದು, 'ನೀನೂ ಹೀಗಾ?' ಎಂಬಂತೆ ನೋಡಿತು. ಎರಡನೆಯ ಹಿಡಿ ಕತ್ತಿಗೆ. ಮೂರನೆಯ ಹಿಡಿ ಗಾಳಿಗೆ, ಯಾಕೆಂದರೆ ಬೆಕ್ಕು ಅಲ್ಲಿರಲಿಲ್ಲ.

ಅದು ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಮೇಲೆ ಓಡಿತು. ಹಿಂದೆ ಬಟ್ಟಲು ಹಿಡಿದು ನಾನು. ಕಳೆದ ತಿಂಗಳಷ್ಟೇ ಬಣ್ಣ ಬಳಿದಿದ್ದ ಬಿಳಿ ಗೋಡೆಗೆ ಅದು ಪ್ರತಿ ಅಂತಸ್ತಿನಲ್ಲೂ ಒಮ್ಮೆ ಮೈ ಒರೆಸಿಕೊಂಡಿತು. ಕೊನೆಗೆ ತೆರೆದಿದ್ದ ಬಾಗಿಲಿನಿಂದ ಟೆರೇಸಿಗೆ ನುಗ್ಗಿತು. ಅಲ್ಲಿ ಸುಲಭಾ ಕಾಕು ಮುಂಜಾನೆಯೆಲ್ಲ ಕೂತು ಬಿಳಿ ಸೀರೆಯ ಮೇಲೆ ಒಂದೊಂದಾಗಿ ಒತ್ತಿದ ಸಂಡಿಗೆಗಳು ಬಿಸಿಲಿನಲ್ಲಿ ಒಣಗುತ್ತಿದ್ದವು. ಮನಿ ಆ ಸೀರೆಯನ್ನು ಈ ತುದಿಯಿಂದ ಆ ತುದಿಗೆ ದಾಟಿತು. ಮನಸ್ಸು ಬದಲಿಸಿ ಆ ತುದಿಯಿಂದ ಈ ತುದಿಗೆ ಮತ್ತೆ ದಾಟಿತು. ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಮಾಯವಾಯಿತು.

ನಾನು ಸದ್ದಿಲ್ಲದೆ ಕೆಳಗೆ ಇಳಿದು ಬಂದೆ. ಬಟ್ಟಲು ತೊಳೆದಿಟ್ಟೆ. ಕೈ ಹಳದಿಯಾಗಿದ್ದರಿಂದ ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಸಂಜೆಯಷ್ಟರಲ್ಲಿ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಯಾವುದೋ ಕಾರಿನ ಕೆಳಗೆ ಕೂತ ಹಳದಿ ಬೆಕ್ಕು. ಕೆಳಗೆ ಕಾಕುವಿನ ಒಂದೇ ಸಾಲು: 'ಮನಿಗೆ ಕಾಮಾಲೆ ಆಗಿದೆ!'

ಮೊದಲು ಕಜ್ಜಿ, ಈಗ ಕಾಮಾಲೆ! ಇಡೀ ಸೊಸೈಟಿ ತಲ್ಲಣಿಸಿತು. ಬೆಕ್ಕು ಓಡಾಡಿದ್ದು ನೀರಿನ ಟ್ಯಾಂಕಿನ ಹತ್ತಿರ ಎಂದು ಒಬ್ಬರಿಗೆ ನೆನಪಾಯಿತು. ತಮ್ಮ ಕಣ್ಣೂ ಹಳದಿಯಾಗಿದೆಯೆಂದು ಮೊದಲ ಮಹಡಿಯವರೊಬ್ಬರು ಕನ್ನಡಿಯ ಮುಂದೆ ನಿಂತು ಫೋಟೋ ತೆಗೆದು ಹಾಕಿದರು. ಟ್ಯಾಂಕು ತೊಳೆಸುವುದೆಂದು ತೀರ್ಮಾನವಾಯಿತು. ಎದೆ ತಟ್ಟಿಕೊಂಡು ನಿಜ ಹೇಳುವ ಗಳಿಗೆ ಅದು. ನಾನು ಫೋನು ಕೈಗೆತ್ತಿಕೊಂಡೆ. ಬರೆದೆ: 'ದಯವಿಟ್ಟು ಎಲ್ಲರೂ ನೀರು ಕುದಿಸಿ ಕುಡಿಯಿರಿ.'

ಹನ್ನೊಂದು ಜನ ಕೈಮುಗಿದರು.

ಮಹಾದೇವಿ ನನ್ನ ಭುಜದ ಮೇಲಿನಿಂದ ಅದನ್ನು ಓದಿದಳು. "ನಾಚಿಕಿ ಆಗಂಗಿಲ್ಲೇನ್ರೀ ನಿಮಗ?"

"ಕುದಿಸಿದ ನೀರು ಆರೋಗ್ಯಕ್ಕ ಚೊಲೋನ ಅಲ್ಲೇನ?"

"ನಾಳೆ ಮನೀನ್ನ ಡಾಕ್ಟರ್ ಕಡೆ ಒಯ್ಯಲಿಲ್ಲಂದ್ರ ಅರಿಷಿಣದ ಡಬ್ಬಿ ತಗೊಂಡು ನಾನ ಕಾಕು ಮನೀಗೆ ಹೋಗ್ತೀನಿ."

ಹೀಗೆ ಸೌಹಾರ್ದಯುತ ಮಾತುಕತೆಯ ಮೂಲಕ ನಾನು ಮರುದಿನ ರಜೆ ಹಾಕಿದೆ.

ಬೆಕ್ಕು ಹಿಡಿಯುವುದಕ್ಕೂ ಒಂದು ಪದ್ಧತಿ ಇರಬೇಕಲ್ಲ? ಕಾರ್ಖಾನೆಯ ಸುರಕ್ಷತಾ ನಿಯಮಗಳನ್ನು ಅಕ್ಷರಶಃ ಪಾಲಿಸಿದೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಮೈಗೆ ರೇನ್‌ಕೋಟ್, ಕೈಗೆ ದಪ್ಪನೆಯ ಗ್ಲೌಸು. ಏಪ್ರಿಲ್ ತಿಂಗಳ ಬಿಸಿಲು. ಪಾರ್ಕಿಂಗಿಗೆ ಇಳಿಯುವಷ್ಟರಲ್ಲಿ ನಾನು ಒಳಗಿನಿಂದಲೇ ಬೇಯತೊಡಗಿದ್ದೆ. ಕನ್ನಡಕದ ಮೇಲೆ ಬೆವರಿನ ಮಂಜು ಕವಿದಿತ್ತು. ಆ ಮಂಜಿನಲ್ಲೂ ಸ್ಕೂಟರಿನ ಹಿಂದೆ ಒಂದು ಹಳದಿ ಬಾಲ ಕಂಡಿತು. ಬೆಡ್‌ಶೀಟು ಬೀಸಿದೆ. ಮೇಲೆ ಬಿದ್ದೆ!

ಬೆಡ್‌ಶೀಟಿನೊಳಗೆ ಚಂಡಮಾರುತ ಎದ್ದಿತು. ಗ್ಲೌಸಿಗೂ ರೇನ್‌ಕೋಟಿನ ತೋಳಿಗೂ ನಡುವೆ ಎರಡು ಬೆರಳಿನಷ್ಟು ಚರ್ಮ ಬರಿದಾಗಿತ್ತು. ಬೆಕ್ಕು ಅದನ್ನು ಅರ್ಧ ಸೆಕೆಂಡಿನಲ್ಲಿ ಪತ್ತೆ ಹಚ್ಚಿತು. ನಮ್ಮ ಕಾರ್ಖಾನೆಗೆ ಬೇಕಾದದ್ದು ಇಂಥ ಪರೀಕ್ಷಕರು! ರಕ್ತ ಬಂದರೂ ಬಿಡಲಿಲ್ಲ. ಗಂಟು ಕಟ್ಟಿ, ಬುಟ್ಟಿಯಲ್ಲಿಟ್ಟು, ಆಟೋ ಹಿಡಿದು, ವಿಜಯಿಯಂತೆ ಪ್ರಾಣಿಗಳ ದವಾಖಾನೆಗೆ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ನೋಡಿದವರೇ "ಬಸಾ ಕಾಕಾ" ಎಂದು ಕುರ್ಚಿ ತೋರಿಸಿದರು. ನಲವತ್ತಮೂರರ ನನ್ನನ್ನು ಕಾಕಾ ಅಂದದ್ದಕ್ಕೆ ನೋವಾಯಿತು, ಆದರೆ ಮಣಿಕಟ್ಟಿನ ನೋವು ಅದಕ್ಕಿಂತ ಹೆಚ್ಚಿತ್ತು.

"ಬೆಕ್ಕಿನ ಹೆಸರು?"

"ಮನಿ. ಹೆಣ್ಣು. ಕಜ್ಜಿ ಇದೆ. ಮೈ ಮೇಲಿನ ಹಳದಿ ಬಣ್ಣ ನಾನು ಹಚ್ಚಿದ್ದು."

ಡಾಕ್ಟರು ಗಂಟು ಬಿಚ್ಚಿ, ಬೆಕ್ಕನ್ನು ಮೃದುವಾಗಿ ಹಿಡಿದು, ಬಾಲ ಎತ್ತಿ ನೋಡಿದರು. ಕಿವಿ ನೋಡಿದರು. ಬೆನ್ನಿನ ಕೂದಲು ಸರಿಸಿ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು: "ಕಾಕಾ, ಇದು ಗಂಡು."

"ಹೌದಾ?"

"ಕಜ್ಜಿಯೂ ಇಲ್ಲ. ಮತ್ತೆ ಈ ಹಳದಿ ಬಣ್ಣ ನೀವು ಹಚ್ಚಿದ್ದಲ್ಲ. ಹುಟ್ಟಿದಾಗಿನಿಂದ ಇರುವುದು."

ಕನ್ನಡಕ ತೆಗೆದು ನೋಡಿದೆ. ಮೇಜಿನ ಮೇಲೆ ಕೆಂಚು ಹಳದಿ ಪಟ್ಟೆಗಳ ಒಂದು ಹೋರಿಯಂಥ ಗಂಡು ಬೆಕ್ಕು ಕೂತಿತ್ತು. ನನಗೆ ಅದರ ಪರಿಚಯವೇ ಇರಲಿಲ್ಲ! ಅದಕ್ಕಂತೂ ನನ್ನ ಪರಿಚಯ ಮಾಡಿಕೊಳ್ಳುವ ಇಚ್ಛೆ ಮೊದಲಿನಿಂದಲೂ ಇರಲಿಲ್ಲ.

ಹೇಗೂ ಬಂದಿದೆಯಲ್ಲ ಎಂದು ಡಾಕ್ಟರು ಅದಕ್ಕೊಂದು ರೇಬೀಸ್ ಲಸಿಕೆ ಚುಚ್ಚಿದರು, ಹೊಟ್ಟೆಹುಳದ ಮಾತ್ರೆಯನ್ನೂ ನುಂಗಿಸಿದರು. ನನ್ನ ಮಣಿಕಟ್ಟನ್ನು ಸಾಬೂನು ಹಚ್ಚಿ ಬಹಳ ಹೊತ್ತು ನಲ್ಲಿಯ ಕೆಳಗೆ ತೊಳೆಯಿಸಿ, ಇಲ್ಲಿಂದ ಸೀದಾ ಮನುಷ್ಯರ ಆಸ್ಪತ್ರೆಗೆ ಹೋಗಿ, ಗೀರಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಗದರಿದರು. ಹೋದೆ. ಅಲ್ಲಿ ನನಗೂ ರೇಬೀಸ್ ಚುಚ್ಚುಮದ್ದು ಶುರುವಾಯಿತು. ಬೆಕ್ಕಿಗೆ ಒಂದು ಸಲ. ನನಗೆ ನಾಲ್ಕು ಸಲ!

ಮಧ್ಯಾಹ್ನ ಗಂಡು ಬೆಕ್ಕನ್ನು ಹಿಡಿದ ಜಾಗದಲ್ಲೇ ಬಿಟ್ಟು ಮೇಲೆ ಬಂದಾಗ, ಮಹಾದೇವಿ ಬಟ್ಟೆಯ ಬುಟ್ಟಿಯನ್ನು ಮಗ್ಗಲಿಗೆ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಬುಟ್ಟಿಯೊಳಗೆ ಮನಿ. ಅಲ್ಲಲ್ಲಿ ಹಳದಿ, ಬಾಯಲ್ಲಿ ರೊಟ್ಟಿ.

"ಹೆಂಗ ಹಿಡದಿ?" ಎಂದೆ.

"ಬಾ ಅಂದೆ. ಬಂತು."

ಮರುದಿನ ದವಾಖಾನೆಗೆ ಮಹಾದೇವಿಯೇ ಹೊರಟಳು. ಮರಾಠಿಯಲ್ಲಿ ವೈದ್ಯಕೀಯ ಮಾತು ಬಂದರೆ ಸಹಾಯಕ್ಕಿರಲಿ ಎಂದು ಜೊತೆಗೆ ಸುಲಭಾ ಕಾಕುವನ್ನೇ ಕರೆದಳು! ಎದುರಾಳಿಯನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುವ ಈ ರಾಜಕೀಯ ನನಗೆ ಹೊಳೆದಿರಲಿಲ್ಲ. ನಾನು ಬುಟ್ಟಿ ಹೊತ್ತು ಹಿಂದೆ ನಡೆದೆ.

ಡಾಕ್ಟರು ಮನಿಯ ಕಿವಿಯೊಳಗಿಂದ ಕಾಫಿ ಪುಡಿಯಂಥ ಕಪ್ಪು ಕೊಳೆ ತೆಗೆದು, ಗಾಜಿನ ಚೂರಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಇಟ್ಟು ನಮ್ಮನ್ನು ಕರೆದರು. ನೋಡಿದರೆ, ಒಳಗೆ ಸಣ್ಣ ಸಣ್ಣ ಬಿಳಿ ಹುಳುಗಳು ಲಕ್ಷ್ಮೀ ರಸ್ತೆಯಲ್ಲಿ ಹಬ್ಬದ ಖರೀದಿಗೆ ಬಂದವರಂತೆ ಒಂದರ ಮೇಲೊಂದು ನಡೆದಾಡುತ್ತಿವೆ! ಕಾಕು "ಅಗಬಾಯೀ!" ಎಂದು ಹಿಂದೆ ಸರಿದರು. ಆಮೇಲೆ ಮತ್ತೊಮ್ಮೆ ಬಗ್ಗಿ ನೋಡಿದರು. ಮೂರನೆಯ ಸಲ ನಮ್ಮನ್ನು ಸರಿಸಿ ನೋಡಿದರು.

ಬಾಲದ ಬುಡದಲ್ಲಿ ಚಿಗಟ. ಬಾಲದ ಕೆಳಗೆ ಅಕ್ಕಿಕಾಳಿನಂತೆ ಅಂಟಿದ್ದು ಲಾಡಿಹುಳದ ತುಂಡು. ಬೆಕ್ಕು ಮೈ ನೆಕ್ಕುವಾಗ ಚಿಗಟ ಹೊಟ್ಟೆಗೆ ಹೋಗುತ್ತದೆ, ಚಿಗಟದೊಳಗಿನ ಮರಿಹುಳ ಅಲ್ಲಿ ಲಾಡಿಯಾಗಿ ಬೆಳೆಯುತ್ತದೆ ಎಂದು ಡಾಕ್ಟರು ವಿವರಿಸಿದರು. ಬೆನ್ನಿನ ಮೇಲಿನ ದುಂಡು ಮಚ್ಚೆಗಳು ಕಜ್ಜಿಯೇ ಅಲ್ಲವಂತೆ. ಅದು ಹುಳುಕಡ್ಡಿ. ಹೆಸರಿನಲ್ಲಿ ಹುಳು ಇದ್ದರೂ ನಿಜಕ್ಕೂ ಒಂದು ಬಗೆಯ ಬೂಷ್ಟು. ಒಟ್ಟು ನಾಲ್ಕು ದೋಷ. ನಾನು ಕಂಡುಹಿಡಿದದ್ದು ಒಂದು, ಅದೂ ತಪ್ಪು!

"ಬೀದಿ ಬೆಕ್ಕುಗಳಲ್ಲಿ ಇವೆಲ್ಲ ಸಾಮಾನ್ಯ. ಹೆದರಬೇಡಿ, ಎಲ್ಲದಕ್ಕೂ ಔಷಧಿ ಇದೆ" ಎಂದರು ಡಾಕ್ಟರು.

"ಮತ್ತೆ ಕಾಮಾಲೆ?" ಕಾಕು ಕೇಳಿದರು.

"ಕಾಮಾಲೆ ಎಲ್ಲಿದೆ? ಇದು ಅರಿಶಿನ. ಈ ಕಾಕಾ ನಿನ್ನೆಯೇ ಹೇಳಿದರಲ್ಲ, ತಾವೇ ಹಚ್ಚಿದ್ದು ಅಂತ."

ಹೊರಗೆ ಕಾಯುತ್ತಿದ್ದ ನಾಯಿಯೂ ಬೊಗಳುವುದನ್ನು ನಿಲ್ಲಿಸಿತು. ಕಾಕು ನಿಧಾನವಾಗಿ ನನ್ನ ಕಡೆ ತಿರುಗಿದರು. ಗೋಡೆ, ಸಂಡಿಗೆ, ಟ್ಯಾಂಕು, ಕುದಿಸಿದ ನೀರು ಎಲ್ಲ ಒಂದರ ಹಿಂದೊಂದು ಅವರ ಮುಖದ ಮೇಲೆ ಹಾದು ಹೋದವು. ನಾನು ಶಾಲೆಯ ಹುಡುಗನಂತೆ ಕೈ ಮುಂದೆ ಚಾಚಿದೆ, ಹೊಡೆದರೆ ಹೊಡೆಯಲಿ ಎಂದು.

ಕಾಕು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಕೊನೆಗೆ ಕುರ್ಚಿ ಹಿಡಿದುಕೊಂಡು. "ಮೂರು ದಿನ! ಮೂರು ದಿನದಿಂದ ಇಡೀ ಸೊಸೈಟಿ ಕುದಿಸಿದ ನೀರು ಕುಡಿಯುತ್ತಿದೆ!" ಎಂದು ಮಹಾದೇವಿಯ ತೋಳು ಹಿಡಿದು ಅಲ್ಲಾಡಿಸಿದರು. ಮಹಾದೇವಿಯೂ ನಕ್ಕಳು. ಡಾಕ್ಟರೂ ನಕ್ಕರು. ಮೂವರೂ ಒಂದು ಕುಟುಂಬದವರಂತೆ ನಗುತ್ತಿದ್ದರು. ನಾನು ಮತ್ತು ಬೆಕ್ಕು ಮಾತ್ರ ಗಂಭೀರವಾಗಿದ್ದೆವು.

ಆ ಸಂಜೆ ಗುಂಪಿನಲ್ಲಿ ಕಾಕುವೇ ಬರೆದರು: ಮನಿಗೆ ಕಾಮಾಲೆ ಇಲ್ಲ, ಇರುವ ಕಾಯಿಲೆಗಳೆಲ್ಲ ಗುಣವಾಗುವಂಥವು, ಅದನ್ನು ಎಲ್ಲೂ ಬಿಟ್ಟು ಬರುವುದಿಲ್ಲ. ಗೋಡೆಯನ್ನು ಬೆಕ್ಕಿಗೆ ಅರಿಶಿನ ಹಚ್ಚಿದವರೇ ತೊಳೆಯುತ್ತಾರೆ ಎಂದೂ ಬರೆದರು. ನನ್ನನ್ನು ಕೇಳಿರಲಿಲ್ಲ.

ಹುಳುಕಡ್ಡಿ ಹೋಗಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಬೆಕ್ಕನ್ನು ಬೇರೆ ಇಡಿ ಎಂದಿದ್ದರು ಡಾಕ್ಟರು. ನಮ್ಮ ಬಾಲ್ಕನಿ ಮನಿಯ ವಾರ್ಡಾಯಿತು. ಕಿವಿಗೆ ಹನಿ, ಚಿಗಟಕ್ಕೆ ಕತ್ತಿನ ಹಿಂದೆ ಹಾಕುವ ಔಷಧಿ, ಹೊಟ್ಟೆಗೆ ಮಾತ್ರೆ, ಮಚ್ಚೆಗಳಿಗೆ ಸಿರಪ್ಪು ಮತ್ತು ಸ್ನಾನ. ಕಾಕು ದಿನಾ ಬೆಳಿಗ್ಗೆ ಬಂದು ಬಾಲ್ಕನಿಯ ಬಾಗಿಲಲ್ಲಿ ನಿಂತು ರೋಗಿಯ ವರದಿ ಕೇಳುತ್ತಿದ್ದರು. ಮಹಾದೇವಿ ಪ್ರತಿ ಸಲವೂ ಗ್ಲೌಸು ಹಾಕಿಕೊಂಡು, ಆಮೇಲೆ ಸಾಬೂನಿನಿಂದ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದಳು. ನನಗೂ ಅದೇ ಆಜ್ಞೆಯಾಗಿತ್ತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಬೆಕ್ಕೆಂದರೆ ಅಷ್ಟಕ್ಕಷ್ಟೇ ಎಂದು ನಾನು ಊರಿಗೆಲ್ಲ ಹೇಳಿದವನು. ಆದರೆ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು, ಪೇಪರ್ ಓದುವ ನೆಪದಲ್ಲಿ ಬಾಲ್ಕನಿಗೆ ಹೋಗಿ ಕೂತರೆ, ಮನಿ ತಾನಾಗಿ ಬಂದು ತೊಡೆಯ ಮೇಲೆ ಹತ್ತುತ್ತಿತ್ತು. ಅರಿಶಿನ ಹಚ್ಚಿದವನನ್ನು ಅದು ಕ್ಷಮಿಸಿಬಿಟ್ಟಿತ್ತು! ಗುರ್ರ್ ಗುರ್ರ್ ಎಂದು ಹೊಟ್ಟೆಯ ಮೇಲೆ ಒಂದು ಸಣ್ಣ ಯಂತ್ರ ಓಡುತ್ತಿರುವಾಗ ಯಾರು ಗ್ಲೌಸು ಹುಡುಕುತ್ತಾರೆ? ಪೇಪರನ್ನು ಎತ್ತರಕ್ಕೆ ಹಿಡಿದರೆ ಒಳಗಿನಿಂದ ಮಹಾದೇವಿಗೆ ಬೆಕ್ಕು ಕಾಣುತ್ತಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಎರಡನೆಯ ವಾರ ನನ್ನ ಹೊಟ್ಟೆಯ ಮೇಲೆ ಒಂದು ದುಂಡನೆಯ ಕೆಂಪು ಮಚ್ಚೆ ಎದ್ದಿತು. ಅಂಚು ಎಷ್ಟು ನಿಖರವಾಗಿತ್ತೆಂದರೆ, ಕಾರ್ಖಾನೆಯಲ್ಲಾಗಿದ್ದರೆ ನಾನದನ್ನು ಪಾಸು ಮಾಡುತ್ತಿದ್ದೆ. ಹೇಳಿದರೆ ಗುಟ್ಟು ರಟ್ಟಾಗುತ್ತದೆ. ಔಷಧಿ ಅಂಗಡಿಯಲ್ಲಿ 'ತುರಿಕೆಗೆ ಏನಾದರೂ ಕೊಡಿ' ಎಂದು ಒಂದು ಟ್ಯೂಬು ತಂದು ಗುಟ್ಟಾಗಿ ಹಚ್ಚಿದೆ. ತುರಿಕೆ ಮೂರೇ ದಿನಕ್ಕೆ ಹೋಯಿತು! ನಾಲ್ಕನೆಯ ದಿನ ನಾಲ್ಕು ಮಚ್ಚೆಗಳ ಜೊತೆಗೆ ವಾಪಸು ಬಂತು. ಇನ್ನಷ್ಟು ಹಚ್ಚಿದೆ. ಅವು ಸೊಂಟದ ಕಡೆಗೆ ಪ್ರಯಾಣ ಹೊರಟವು. ಒಂದು ಸಂಜೆ, ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದಾಗ ಮಹಾದೇವಿ ಹಿಂದೆ ಬಂದು ನಿಂತಿದ್ದಳು.

"ಅಂಗಿ ಎತ್ರಿ" ಎಂದಳು.

ಎತ್ತಿದೆ.

"ಪೇಪರ್ ಓದಿ ಬಂದದ್ದೇನ್ರೀ ಇದು?"

ಚರ್ಮದ ಡಾಕ್ಟರು ಟ್ಯೂಬನ್ನು ಕೈಯಲ್ಲಿ ಹಿಡಿದು ತಲೆಯಾಡಿಸಿದರು. ಅದರಲ್ಲಿ ಸ್ಟಿರಾಯ್ಡ್ ಇದೆಯಂತೆ. ತುರಿಕೆಯನ್ನು ಮಲಗಿಸಿ, ಬೂಷ್ಟಿಗೆ ಊಟ ಬಡಿಸುವ ಔಷಧಿ! ಇನ್ನು ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು ಎಂದರು. "ನಿಮಗೆ ಆಗಿರುವುದು ಗಜಕರ್ಣ" ಎಂದು ಚೀಟಿ ಬರೆದರು. ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ ಪದ. ಕೊಟ್ಟದ್ದು ಬೆಕ್ಕು, ಹೆಸರು ಮಾತ್ರ ಆನೆಯದು!

ಮನಿಯ ಕೊನೆಯ ತಪಾಸಣೆಗೆ ನಾವು ಮೂವರೂ ಹೋದೆವು. ಡಾಕ್ಟರು ಕಿವಿ ನೋಡಿದರು, ಶುದ್ಧ. ಬೆನ್ನಿನ ಮೇಲೆ ಹೊಸ ಕೂದಲು ಹತ್ತಿಯಂತೆ ಎದ್ದಿತ್ತು. ನೀಲಿ ಬೆಳಕಿನ ದೀಪ ಹಿಡಿದು ನೋಡಿದರು, ಕಳೆದ ವಾರ ಪರೀಕ್ಷೆಗೆ ಕಳಿಸಿದ್ದ ಕೂದಲಿನ ವರದಿ ಓದಿದರು. "ಮನಿ ಪೂರ್ತಿ ಗುಣವಾಗಿದ್ದಾಳೆ!" ಎಂದರು. ಮಹಾದೇವಿಯ ಕಣ್ಣಲ್ಲಿ ನೀರು ಬಂತು. ಕಾಕು ಪರ್ಸಿನಿಂದ ಪೇಢೆಯ ಪೊಟ್ಟಣ ತೆಗೆದು ದವಾಖಾನೆಯಲ್ಲಿದ್ದವರಿಗೆಲ್ಲ ಹಂಚಿದರು. ನನಗೂ ಒಂದು ಸಿಕ್ಕಿತು.

ಸಂತೋಷದಲ್ಲಿ ಮೈಮರೆತು ನಾನು ಮನಿಯನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಡಾಕ್ಟರು ನಡುವೆ ಬಂದರು. ನನ್ನ ಅಂಗಿಯ ತೋಳಿನಿಂದ ಇಣುಕುತ್ತಿದ್ದ ಮಚ್ಚೆಯನ್ನು ಪೆನ್ನಿನ ತುದಿಯಿಂದ ತೋರಿಸಿ, "ಕಾಕಾ, ನಿಮ್ಮದು ಹೋಗುವವರೆಗೆ ದಯವಿಟ್ಟು ದೂರ ಇರಿ. ನಿಮ್ಮಿಂದ ಅವಳಿಗೆ ಅಂಟುತ್ತದೆ" ಎಂದರು.

ಹೊರಗೆ ಆಟೋ ನಿಂತಿತ್ತು. ಮಹಾದೇವಿ ಒಂದು ಬದಿಗೆ, ಕಾಕು ಇನ್ನೊಂದು ಬದಿಗೆ, ನಡುವೆ ಬುಟ್ಟಿಯಲ್ಲಿ ಮನಿ. ನಾನು ಒಂದು ಕಾಲು ಒಳಗಿಟ್ಟೆ.

"ನೀವೆಲ್ಲಿ ಬರ್ತೀರಿ?" ಎಂದಳು ಮಹಾದೇವಿ. "ಡಾಕ್ಟರ್ ಹೇಳಿದ್ದು ಕೇಳಲಿಲ್ಲೇನ?"

ಕಾಲು ಹೊರಗೆ ತೆಗೆದೆ. ಆಟೋ ಹೊರಟಿತು. ಬುಟ್ಟಿಯ ಸಂದಿಯಿಂದ ಮನಿ ನನ್ನನ್ನು ನೋಡಿತು, ಕಣ್ಣು ಕಿರಿದು ಮಾಡಿಕೊಂಡು, ಬಹಳ ಹೊತ್ತು. ತೀರ್ಪು ಏನೆಂದು ಕೇಳಬೇಕಾಗಿರಲಿಲ್ಲ.

ನಾನು ನಡೆದುಕೊಂಡೇ ಮನೆಗೆ ಬಂದೆ. ದಾರಿಯಲ್ಲಿ ಮೂರು ವಿದ್ಯುತ್ ಕಂಬಗಳಿವೆ. ಮೂರಕ್ಕೂ ಬೆನ್ನು ಉಜ್ಜಿಕೊಂಡೆ.